ಸಣ್ಣ ದೇಶದ ಫುಟ್ಬಾಲ್ ಲೀಗ್ ಪಕ್ಕದ ದೇಶದ ಜೊತೆ ಸೇರ್ಬೇಕಾ ಬೇಡ್ವಾ? ಯಾವ ದಾರಿ ಯಾರಿಗೆ ಒಗ್ಗುತ್ತೆ

1967ರಲ್ಲಿ ಯುರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್) ಗೆದ್ದ ಸ್ಕಾಟ್ಲೆಂಡಿನ ಸೆಲ್ಟಿಕ್ ಟೀಮಿನ ಆಟಗಾರರೆಲ್ಲ ಗ್ಲಾಸ್ಗೋದಿಂದ 30 ಮೈಲಿ ಒಳಗೇ ಹುಟ್ಟಿದೋರು, ಅಂದ್ರೆ ಹೆಚ್ಚುಕಡಿಮೆ ಬೆಂಗಳೂರಿಂದ ರಾಮನಗರದಷ್ಟು ದೂರ. ಈಗಿನ ಹುಡುಗ್ರಿಗೆ ಹೇಳಿದ್ರೆ ಕಾಗಕ್ಕ ಗುಬ್ಬಕ್ಕನ ಕಥೆ ಅನ್ಕೋತಾರೆ. ಆದ್ರೆ ಆ ಕಾಲದಲ್ಲಿ ಸಣ್ಣ ದೇಶದ ಕ್ಲಬ್ ಗೆಲ್ಲೋದು ನಡೀತಿತ್ತು, 1986ರಲ್ಲಿ ರೊಮೇನಿಯಾದ ಸ್ಟೆವಾ ಬುಕಾರೆಸ್ಟ್ ಗೆದ್ದಿತ್ತು, 1988ರಲ್ಲಿ ನೆದರ್ಲೆಂಡ್ಸ್‌ನ ಪಿಎಸ್‌ವಿ, 1991ರಲ್ಲಿ ಬೆಲ್‌ಗ್ರೇಡ್‌ನ ರೆಡ್ ಸ್ಟಾರ್, 1995ರಲ್ಲಿ ನೆದರ್ಲೆಂಡ್ಸ್‌ನದೇ ಅಯಾಕ್ಸ್. ಅದೇ ವರ್ಷ ಡಿಸೆಂಬರ್ 15ಕ್ಕೆ ಯುರೋಪ್ ಕೋರ್ಟಿನ ಬೋಸ್ಮನ್ ತೀರ್ಪು ಬಂತು, ಕಾಂಟ್ರಾಕ್ಟ್ ಮುಗಿದ ಆಟಗಾರ ಹಳೇ ಕ್ಲಬ್ಬಿಗೆ ದುಡ್ಡು ಕಟ್ಟಿಸ್ದೆ ಬೇರೆ ಕ್ಲಬ್ಬಿಗೆ ಹೋಗ್ಬಹುದು, ಯುರೋಪ್ ಒಕ್ಕೂಟದ ಆಟಗಾರರ ಮೇಲೆ ಕೋಟಾ ಹಾಕಂಗಿಲ್ಲ ಅಂತ. ಅದರ ಜೊತೆಗೇ ದೊಡ್ಡ ದೇಶಗಳ ಟಿವಿ ದುಡ್ಡು ಗಗನಕ್ಕೇರ್ತು. 2004ರಲ್ಲಿ ಪೋರ್ಚುಗಲ್‌ನ ಪೋರ್ಟೊ ಗೆದ್ದಿದ್ದೇ ಕೊನೆ, ಆಮೇಲೆ ಇಂಗ್ಲೆಂಡ್, ಸ್ಪೇನ್, ಜರ್ಮನಿ, ಇಟಲಿ, ಫ್ರಾನ್ಸ್ ಬಿಟ್ಟು ಇನ್ಯಾವ ದೇಶದ ಕ್ಲಬ್ಬೂ ಚಾಂಪಿಯನ್ಸ್ ಲೀಗ್ ಗೆದ್ದಿಲ್ಲ. ಇಂಗ್ಲೆಂಡಿನ ಪ್ರೀಮಿಯರ್ ಲೀಗಲ್ಲಿ ಕೊನೇ ಸ್ಥಾನಕ್ಕೆ ಬಿದ್ದು ಹೊರಗೆ ಹೋಗೋ ಕ್ಲಬ್ಬಿಗೂ ವರ್ಷಕ್ಕೆ 10 ಕೋಟಿ ಪೌಂಡ್ ಮೇಲೆ ಸಿಗುತ್ತೆ, ಸಣ್ಣ ದೇಶದ ಚಾಂಪಿಯನ್ ಕ್ಲಬ್ ಅಷ್ಟು ದುಡ್ಡನ್ನ ಕನಸಲ್ಲೂ ಕಂಡಿರಲ್ಲ.

ಇದಕ್ಕೆ ಎಲ್ಲರೂ ಹೇಳೋ ಮದ್ದು ಒಂದೇ, ಪಕ್ಕದ ದೇಶದ ಜೊತೆ ಲೀಗ್ ಮರ್ಜ್ ಮಾಡ್ಬಿಡಿ. ನಾನೂ ಸುಮಾರು ವರ್ಷ ಹೀಗೇ ವಾದ ಮಾಡ್ಕೊಂಡು ಓಡಾಡ್ತಿದ್ದೆ. ಲೆಕ್ಕ ನೋಡಿದ್ರೆ ಸರಿ ಅನ್ಸುತ್ತೆ ಬಿಡಿ, ನೆದರ್ಲೆಂಡ್ಸ್ ಬೆಲ್ಜಿಯಂ ಎರಡೂ ಸೇರ್ಸಿದ್ರೂ 3 ಕೋಟಿ ಜನ, ನಮ್ಮ ಕರ್ನಾಟಕದ ಅರ್ಧ, ಅದರಲ್ಲಿ ಎರಡು ಬೇರೆಬೇರೆ ಲೀಗ್ ಯಾಕೆ ಅಂತ. ಕ್ರಿಕೆಟ್ ನೋಡಿ ಬೆಳೆದ ನಮಗಂತೂ ಇದರಲ್ಲಿ ವಿಚಿತ್ರ ಏನೂ ಕಾಣಲ್ಲ, ವೆಸ್ಟ್ ಇಂಡೀಸ್ ಅನ್ನೋದೇ ಎಷ್ಟೋ ದೇಶ ಸೇರಿ ಕಟ್ಟಿದ ಟೀಮ್, ಐರ್ಲೆಂಡ್ ಕ್ರಿಕೆಟ್ ಟೀಮೂ ಗಡಿ ಆಚೆ ಈಚೆ ಎರಡೂ ಕಡೆಯವರದ್ದು. ಆದ್ರೆ ಫುಟ್ಬಾಲಲ್ಲಿ ಅದೇ ಜಮೈಕಾ, ಟ್ರಿನಿಡಾಡ್ ಬೇರೆಬೇರೆ, ಅದೇ ಐರ್ಲೆಂಡ್ ಎರಡು ಟೀಮು. ಅಲ್ಲೇ ಇರೋದು ಗಂಟು.

ಮರ್ಜರ್ ಅಂತ ಎಲ್ಲರೂ ಒಂದೇ ಪದ ಹೇಳಿದ್ರೂ ಒಳಗೆ ನಾಲ್ಕೈದು ಬೇರೆಬೇರೆ ಸರಕು ಇದೆ. ಯಾವುದನ್ನ ನೋಡಿದ್ರೂ ನಾನೀಗ ಎರಡೇ ಪ್ರಶ್ನೆ ಕೇಳ್ತೀನಿ. ಒಂದು, ಯುರೋಪ್ ಟೂರ್ನಿಗೆ ಹೋಗೋ ಟಿಕೆಟ್ ಕೊನೆಗೆ ಯಾರ ಕೈಲಿರುತ್ತೆ? ಎರಡು, ಇವತ್ತು ಎರಡನೇ ಡಿವಿಷನ್‌ನಲ್ಲಿರೋ ಯಾವುದೋ ಸಣ್ಣ ಊರಿನ ಕ್ಲಬ್ಬಿಗೆ ಬಾಗಿಲು ತೆಗೆದಿರುತ್ತಾ? ಈ ಎರಡಕ್ಕೂ ಉತ್ತರ ಸರಿ ಇಲ್ಲ ಅಂದ್ರೆ ಟಿವಿ ದುಡ್ಡು ಎಷ್ಟೇ ತೋರಿಸ್ಲಿ, ನಾನಂತೂ ಸೈನ್ ಹಾಕಲ್ಲ.

ದಾರಿ ಒಂದು: ಪಕ್ಕದ ಮನೆ ಲೀಗಲ್ಲಿ ಹೋಗಿ ಆಡೋದು

ಸುಮಾರು 40 ಸಾವಿರ ಜನ ಇರೋ ಲಿಕ್ಟನ್‌ಸ್ಟೈನ್‌ಗೆ ಸ್ವಂತ ಲೀಗೇ ಇಲ್ಲ, ಇರೋದು 7 ಕ್ಲಬ್, ಏಳೂ ಸ್ವಿಟ್ಜರ್ಲೆಂಡಲ್ಲಿ ಆಡ್ತವೆ. ಆದ್ರೆ ಒಂದು ಜಾಣತನ ಮಾಡಿದಾರೆ, ನಾಕೌಟ್ ಕಪ್ ಮಾತ್ರ ತಮ್ಮದೇ ಇಟ್ಕೊಂಡಿದಾರೆ, ಆ ಕಪ್ ಗೆದ್ದೋರು ಯುರೋಪ್‌ಗೆ ಹೋಗ್ತಾರೆ. ಹಾಗಾಗಿ ವಾಡುಜ್ ಕ್ಲಬ್ ಸ್ವಿಸ್ ಲೀಗಲ್ಲಿ ಎಷ್ಟೇ ಮೇಲೆ ಬಂದ್ರೂ ಸ್ವಿಸ್ ಕೋಟಾದಲ್ಲಿ ಯುರೋಪ್‌ಗೆ ಹೋಗಂಗಿಲ್ಲ, ಎರಡನೇ ಡಿವಿಷನ್‌ಗೆ ಬಿದ್ರೂ ಮನೆ ಕಪ್ ಗೆದ್ದು ಹೋಗಬಹುದು. 2022ರಲ್ಲಿ ಕಾನ್ಫರೆನ್ಸ್ ಲೀಗ್ (ಯುರೋಪ್‌ನ ಮೂರನೇ ದರ್ಜೆ ಟೂರ್ನಿ) ಗ್ರೂಪ್ ಹಂತಕ್ಕೂ ಹೋಯ್ತು, ಅದೂ ಎರಡನೇ ಡಿವಿಷನ್‌ನಲ್ಲಿ ಆಡ್ತಿದ್ದಾಗ! ನನ್ನ ಎರಡೂ ಪ್ರಶ್ನೆಗೂ ಫುಲ್ ಮಾರ್ಕ್ಸ್.

ಕೆನಡಾ ಇನ್ನೂ ಒಂದು ಹೆಜ್ಜೆ ಮುಂದೆ. ಟೊರಾಂಟೊ 2007ರಲ್ಲಿ, ವ್ಯಾಂಕೂವರ್ 2011ರಲ್ಲಿ, ಮಾಂಟ್ರಿಯಲ್ 2012ರಲ್ಲಿ ಅಮೆರಿಕದ ಎಂಎಲ್‌ಎಸ್ ಸೇರಿದ್ವು, 2017ರಲ್ಲಿ ಟೊರಾಂಟೊ ಆ ಲೀಗನ್ನೇ ಗೆದ್ದೂ ಬಿಡ್ತು. ಅಷ್ಟರೊಳಗೆ ಕೆನಡಿಯನ್ ಚಾಂಪಿಯನ್‌ಶಿಪ್ ಅಂತ ಬೇರೆ ಟೂರ್ನಿ ಇಟ್ಟು ತಮ್ಮ ಖಂಡದ ಟಿಕೆಟ್ ತಮ್ಮ ಹತ್ರಾನೇ ಉಳಿಸ್ಕೊಂಡ್ರು, ಆಮೇಲೆ 2019ರಲ್ಲಿ ಸ್ವಂತ ಲೀಗೂ ಶುರು ಮಾಡಿದ್ರು. ಮೊದ್ಲು ಬಾಡಿಗೆ ಮನೆ ಆಮೇಲೆ ಸ್ವಂತ ಮನೆ ಅನ್ನೋ ಹಾಗೆ.

ಆದ್ರೆ ಬಾಡಿಗೆ ಮನೆ ಬಾಡಿಗೆ ಮನೇನೇ, ಓನರ್ ಯಾವಾಗ ಖಾಲಿ ಮಾಡು ಅಂತಾನೋ ಗೊತ್ತಾಗಲ್ಲ. ಸಿಂಗಾಪುರದವರನ್ನ ಕೇಳಿ ನೋಡಿ. ಅವರು ಮಲೇಷ್ಯಾ ಕಪ್‌ನಲ್ಲಿ ದಶಕಗಟ್ಟಲೆ ಆಡಿದೋರು, 1994ರಲ್ಲಿ ಲೀಗೂ ಕಪ್ಪೂ ಎರಡೂ ಗೆದ್ದು ಅದೇ ವರ್ಷ ಗೇಟ್ ಕಲೆಕ್ಷನ್ ಹಂಚಿಕೆ ಜಗಳದಲ್ಲಿ ಹೊರಗೆ ಬಂದ್ರು. 2012ರಲ್ಲಿ ಲಯನ್ಸ್ ಟ್ವೆಲ್ವ್ ಅನ್ನೋ ಟೀಮ್ ಮಾಡ್ಕೊಂಡು ಮತ್ತೆ ಹೋದ್ರು, 2013ರಲ್ಲಿ ಮಲೇಷ್ಯಾ ಸೂಪರ್ ಲೀಗ್ ಗೆದ್ರು, 2015ರಲ್ಲಿ ಒಪ್ಪಂದ ಮುಗೀತು, ಮಲೇಷ್ಯಾದವರು ಮುಂದುವರಿಸಲ್ಲ ಅಂದ್ರು, ಟೀಮೇ ಮುಚ್ಚೋಯ್ತು. ಅತಿಥಿ ಬಂದು ಮನೆಯವರ ಎಲೆ ಮೇಲಿನ ಹೋಳಿಗೆ ತಿಂದ್ರೆ ಎಷ್ಟು ದಿನ ಇಟ್ಕೋತಾರೆ ಹೇಳಿ. ಆಸ್ಟ್ರೇಲಿಯಾ ಲೀಗಲ್ಲಿ ಆಡೋ ನ್ಯೂಜಿಲೆಂಡ್‌ನ ವೆಲಿಂಗ್ಟನ್ ಫೀನಿಕ್ಸ್‌ಗೂ 2015ರಲ್ಲಿ ಇದೇ ಭಯ, ಆಸ್ಟ್ರೇಲಿಯಾದವರು 10 ವರ್ಷದ ಲೈಸೆನ್ಸ್ ಕೊಡಲ್ಲ ಅಂದ್ಬಿಟ್ಟಿದ್ರು, ಆಮೇಲೆ ಹೇಗೋ ಕಮ್ಮಿ ಅವಧಿಗೆ ಉಳ್ಕೊಂಡ್ರು. ಸಾಲದ್ದಕ್ಕೆ ನ್ಯೂಜಿಲೆಂಡ್ ಓಷಿಯಾನಿಯಾದಲ್ಲಿ, ಆಸ್ಟ್ರೇಲಿಯಾ ಏಷ್ಯಾದಲ್ಲಿ ಇರೋದ್ರಿಂದ ಫೀನಿಕ್ಸ್ ಎಷ್ಟೇ ಚೆನ್ನಾಗಿ ಆಡಿದ್ರೂ ಏಷ್ಯನ್ ಚಾಂಪಿಯನ್ಸ್ ಲೀಗ್‌ಗೆ ಹೋಗಂಗಿಲ್ಲ. ಟಿಕೆಟ್ ಪ್ರಶ್ನೆಗೆ ಸೊನ್ನೆ.

ವೇಲ್ಸ್ ಕಥೆ ಬೇರೇನೇ. ಸ್ವಾನ್ಸಿ, ಕಾರ್ಡಿಫ್, ರೆಕ್ಸಮ್ ಎಲ್ಲ ಮೊದಲಿಂದ ಇಂಗ್ಲೆಂಡ್ ಲೀಗಲ್ಲೇ ಇದ್ವು, 1992ರಲ್ಲಿ ವೇಲ್ಸ್‌ನೋರು ತಮಗೂ ಒಂದು ರಾಷ್ಟ್ರೀಯ ಲೀಗ್ ಬೇಕು ಅಂತ ಶುರು ಮಾಡಿದಾಗ 8 ಕ್ಲಬ್ ಬರಲ್ಲ ಅಂತ ಹಟ ಹಿಡಿದ್ವು, ನ್ಯೂಪೋರ್ಟ್ ಅಂತೂ ತನ್ನೂರು ಬಿಟ್ಟು ಗಡಿ ದಾಟಿ ಗ್ಲಾಸ್ಟರ್‌ನಲ್ಲಿ ಹೋಮ್ ಮ್ಯಾಚ್ ಆಡ್ಬೇಕಾಯ್ತು, ಕೊನೆಗೆ 1995ರಲ್ಲಿ ಕೋರ್ಟಿಂದ ಬಗೆಹರೀತು. ದೊಡ್ಡ ಕ್ಲಬ್‌ಗಳು ಗಡಿ ಆಚೆ ಹೋದ್ರೆ ಮನೆ ಲೀಗ್ ಸೊರಗುತ್ತೆ, ಮನೆಗೆ ಎಳ್ಕೊಂಡು ಬಂದ್ರೆ ಆ ಕ್ಲಬ್‌ಗಳು ಸೊರಗ್ತವೆ. ಸ್ವಾನ್ಸಿ 2011ರಲ್ಲಿ ಪ್ರೀಮಿಯರ್ ಲೀಗ್‌ಗೆ ಹೋಗಿ 2013ರಲ್ಲಿ ಲೀಗ್ ಕಪ್ ಗೆದ್ದು ಯುರೋಪ್‌ಗೆ ಹೋಯ್ತಲ್ಲ, ಹೋಗಿದ್ದು ಇಂಗ್ಲೆಂಡ್ ಕೋಟಾದಲ್ಲಿ. ತಮಾಷೆ ಏನಂದ್ರೆ ವೇಲ್ಸ್ ಲೀಗನ್ನ ವರ್ಷವರ್ಷ ಗೆಲ್ಲೋ ಟಿಎನ್‌ಎಸ್ (ದಿ ನ್ಯೂ ಸೇಂಟ್ಸ್) ಕ್ಲಬ್ಬಿನ ಮೈದಾನ ಇರೋದು ಇಂಗ್ಲೆಂಡಿನ ಆಸ್ವೆಸ್ಟ್ರಿಯಲ್ಲಿ!

ಇನ್ನು ಈ ದಾರಿ ಬೇಕು ಅಂದ್ರೂ ಪಕ್ಕದವರು ಬಾ ಅನ್ಬೇಕಲ್ಲ. 2009ರಲ್ಲಿ ಸ್ಕಾಟ್ಲೆಂಡಿನ ಸೆಲ್ಟಿಕ್, ರೇಂಜರ್ಸ್‌ನ ಸೇರಿಸ್ಕೊಳ್ಳೋ ಪ್ರಸ್ತಾಪ ಬಂದಾಗ ಪ್ರೀಮಿಯರ್ ಲೀಗ್ ಕ್ಲಬ್‌ಗಳು ಮುಲಾಜಿಲ್ದೆ ಬೇಡ ಅಂದ್ವು. ಯಾಕೆ ಹೂಂ ಅಂತಾರೆ, ತಮ್ಮ ತಟ್ಟೆಯಿಂದ ಎರಡು ಪಾಲು ಎತ್ತಿ ಕೊಡ್ಬೇಕಲ್ಲ.

ದಾರಿ ಎರಡು: ಲೀಗ್ ಹಾಗೇ ಇರ್ಲಿ, ಮೇಲೊಂದು ಜಂಟಿ ಕಪ್

ಇದು ನೋಡೋಕೆ ಎಲ್ಲಕ್ಕಿಂತ ಸುಲಭದ ದಾರಿ, ಯಾರಿಗೂ ನೋವಾಗಲ್ಲ, ಯಾರೂ ಏನೂ ಬಿಟ್ಟುಕೊಡ್ಬೇಕಿಲ್ಲ. ಅದಕ್ಕೇ ಎಲ್ಲರೂ ಮೊದ್ಲು ಇದನ್ನೇ ಟ್ರೈ ಮಾಡ್ತಾರೆ, ಅದಕ್ಕೇ ಎಲ್ಲ ಕಡೆ ಇದೇ ಮೊದ್ಲು ಸಾಯುತ್ತೆ.

ರಾಯಲ್ ಲೀಗ್ ನೆನಪಿದ್ಯಾ? ಇರಲ್ಲ, ಅಲ್ಲಿನವರಿಗೇ ಮರೆತೋಗಿದೆ. 2004ರಲ್ಲಿ ಡೆನ್ಮಾರ್ಕ್, ನಾರ್ವೆ, ಸ್ವೀಡನ್ ಮೂರೂ ದೇಶದ ಟಾಪ್ 4 ಕ್ಲಬ್‌ಗಳನ್ನ ಸೇರ್ಸಿ 12 ಟೀಮ್ ಮಾಡಿ ಆಡ್ಸಿದ್ರು. ಐಡಿಯಾ ಸಖತ್ತಾಗೇ ಇತ್ತು, ಭಾಷೆ ಹೆಚ್ಚುಕಡಿಮೆ ಅರ್ಥ ಆಗುತ್ತೆ, ಮೂರು ದೇಶಕ್ಕೂ ರಾಜಮನೆತನ ಇದೆ, ಹೆಸರೂ ಅಲ್ಲಿಂದಾನೇ. ಎಡವಟ್ಟಾಗಿದ್ದು ಎಲ್ಲಿ ಅಂದ್ರೆ ನಾರ್ವೆ ಸ್ವೀಡನ್ ಲೀಗ್‌ಗಳು ಬೇಸಿಗೇಲಿ ನಡೀತವೆ, ಡೆನ್ಮಾರ್ಕ್‌ದು ಜುಲೈ ಹೊತ್ತಿಗೆ ಶುರುವಾಗಿ ಮಧ್ಯ ಚಳಿಗಾಲ ಬಿಡುವು ತಗೊಳ್ಳುತ್ತೆ, ಹಾಗಾಗಿ ಎಲ್ಲರಿಗೂ ಖಾಲಿ ಸಿಕ್ಕಿದ್ದು ಆ ಕೊರೆಯೋ ಚಳಿಗಾಲ ಮಾತ್ರ, ನವೆಂಬರ್ ಆದ್ಮೇಲೆ ಸ್ಕ್ಯಾಂಡಿನೇವಿಯಾದ ಸ್ಟೇಡಿಯಂನಲ್ಲಿ ರಾತ್ರಿ ಮ್ಯಾಚ್ ಅಂದ್ರೆ ಯಾರು ಬರ್ತಾರೆ. ಮೊದಲ ಫೈನಲ್ಲಲ್ಲಿ ಕೋಪನ್‌ಹೇಗನ್ ಯೊಥೆಬೊರ್ ಕ್ಲಬ್ಬನ್ನ ಪೆನಾಲ್ಟಿಯಲ್ಲಿ 12-11ರಿಂದ ಸೋಲಿಸ್ತು, ಅಂತಾ ರೋಚಕ ಮ್ಯಾಚೂ ಅದನ್ನ ಉಳಿಸ್ಲಿಲ್ಲ. ಮೂರೇ ಸೀಸನ್, ಕೋಪನ್‌ಹೇಗನ್ ಎರಡು ಸಲ, ಬ್ರೋನ್ಬಿ ಒಂದು ಸಲ, ಆಮೇಲೆ ಟಿವಿ ರೈಟ್ಸ್ ಡೀಲ್ ಕುದುರದೆ ನಿಂತೋಯ್ತು.

ಐರ್ಲೆಂಡಲ್ಲಿ ಸೆಟಾಂಟ ಕಪ್. 2005ರಲ್ಲಿ ಶುರು, ಗಣರಾಜ್ಯದ ಕ್ಲಬ್‌ಗಳೂ ಉತ್ತರ ಐರ್ಲೆಂಡ್ ಕ್ಲಬ್‌ಗಳೂ ಒಟ್ಟಿಗೆ, ದುಡ್ಡು ಹಾಕಿದ್ದು ಸೆಟಾಂಟ ಅನ್ನೋ ಸ್ಪೋರ್ಟ್ಸ್ ಚಾನೆಲ್. ಮೊದಲ ವರ್ಷವೇ ಬೆಲ್ಫಾಸ್ಟ್‌ನ ಲಿನ್‌ಫೀಲ್ಡ್ ಡಬ್ಲಿನ್‌ಗೆ ಹೋಗಿ ಶೆಲ್ಬೋರ್ನ್‌ನ 2-0 ಸೋಲಿಸಿ ಕಪ್ ತಗೊಂಡು ಹೋಯ್ತು. ಲಿನ್‌ಫೀಲ್ಡ್ ಅಂದ್ರೆ ಬ್ರಿಟನ್ ಪರ ಪ್ರಾಟೆಸ್ಟೆಂಟರ ಕ್ಲಬ್ ಅಂತಾನೇ ಹೆಸರು, ಅವರು ಡಬ್ಲಿನ್‌ನಲ್ಲಿ ಬಂದು ಆಡಿ ಗೆದ್ದು ನೆಮ್ಮದಿಯಾಗಿ ಮನೆಗೆ ಹೋದ್ರು ಅನ್ನೋದೇ ಆಗ ದೊಡ್ಡ ವಿಷಯ. ಆದ್ರೆ 2009ರಲ್ಲಿ ಬ್ರಿಟನ್‌ನಲ್ಲಿ ಆ ಚಾನೆಲ್ಲೇ ಮುಳುಗ್ತು, ಕಪ್ಪು ಕುಂಟ್ಕೊಂಡು 2014ರವರೆಗೂ ನಡೀತು, ಅಷ್ಟೇ. ಬಾಲ್ಟಿಕ್ ಲೀಗ್‌ದೂ ಇದೇ ಹಣೆಬರಹ, ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಸೇರಿ 2007ರಿಂದ 2011ರವರೆಗೂ ಆಡಿ ಬಿಟ್ರು.

ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ರೋಗ ಒಂದೇ ಅಂತ ಗೊತ್ತಾಗುತ್ತೆ, ಗೆದ್ರೆ ಯುರೋಪ್ ಟಿಕೆಟ್ ಇಲ್ಲ, ಸೋತ್ರೆ ರೆಲಿಗೇಷನ್ (ಕೆಳಗಿನ ಡಿವಿಷನ್‌ಗೆ ಬೀಳೋದು) ಇಲ್ಲ. ಕೋಚ್ ಏನ್ ಮಾಡ್ತಾನೆ, ಮೇನ್ ಆಟಗಾರರಿಗೆ ರೆಸ್ಟ್ ಕೊಟ್ಟು ಹುಡುಗ್ರನ್ನ ಇಳಿಸ್ತಾನೆ, ಅದನ್ನ ನೋಡಿದ ಫ್ಯಾನ್ ನಾನ್ಯಾಕೆ ದುಡ್ಡು ಕೊಟ್ಟು ಬರ್ಲಿ ಅಂತಾನೆ, ಖಾಲಿ ಸ್ಟ್ಯಾಂಡ್ ನೋಡಿದ ಚಾನೆಲ್ಲೋನು ಮುಂದಿನ ಸಲ ರೇಟ್ ಇಳಿಸ್ತಾನೆ. ಯಾರಾದ್ರೂ ನಿಮಗೆ ಜಂಟಿ ಕಪ್ ಮಾಡೋಣ, ಚೆನ್ನಾಗಾದ್ರೆ ಮುಂದೆ ಲೀಗ್ ಮಾಡೋಣ ಅಂದ್ರೆ ಆ ಕಪ್ ಗೆದ್ರೆ ಯುರೋಪ್‌ಗೆ ಕಳಿಸ್ತೀರಾ ಅಂತ ಕೇಳಿ. ಇಲ್ಲ ಅಂದ್ರೆ ಅಲ್ಲಿಗೇ ಬಿಟ್ಬಿಡಿ, ಟೈಮ್ ವೇಸ್ಟು.

ದಾರಿ ಮೂರು: ಅರ್ಧ ಸೇರೋದು

ಇದನ್ನ ಫುಟ್ಬಾಲಲ್ಲಿ ಯಾರೂ ಸರಿಯಾಗಿ ಮಾಡಿಲ್ಲ, ಬ್ಯಾಸ್ಕೆಟ್‌ಬಾಲಲ್ಲಿ ಮಾಡಿದಾರೆ. ಯುಗೋಸ್ಲಾವಿಯಾ ಒಡೆದು ಯುದ್ಧ ಎಲ್ಲ ಆಗಿ ಇನ್ನೂ ಗಾಯ ಹಸಿ ಇರುವಾಗ್ಲೇ, 2001ರಲ್ಲಿ, ಸ್ಲೊವೇನಿಯಾ, ಕ್ರೊಯೇಷಿಯಾ, ಬೋಸ್ನಿಯಾ ಕಡೆಯವರು ಸೇರಿ ಎಬಿಎ ಲೀಗ್ ಮಾಡಿದ್ರು, ಬರ್ತಾ ಬರ್ತಾ ಸೆರ್ಬಿಯಾದ ದೊಡ್ಡ ಕ್ಲಬ್‌ಗಳೂ ಬಂದ್ವು. ಪ್ರತಿ ದೇಶದ ಲೀಗೂ ಹಾಗೇ ಇದೆ, ದೊಡ್ಡ ಕ್ಲಬ್‌ಗಳು ವರ್ಷದ ಬಹುಪಾಲು ಎಬಿಎಯಲ್ಲಿ ಆಡಿ, ಮನೆ ಲೀಗ್‌ಗೆ ಕೊನೇ ಹಂತಕ್ಕೆ ಬಂದು ಚಾಂಪಿಯನ್ ಪಟ್ಟಕ್ಕೆ ಆಡ್ತವೆ. ಮನೆ ಪಟ್ಟಾನೂ ಉಳೀತು, ದೊಡ್ಡ ಮ್ಯಾಚೂ ಸಿಕ್ತು. 2019ರಲ್ಲಂತೂ ಝಾಗ್ರೆಬ್‌ನ ಸೆದೆವಿಟಾ ಕ್ಲಬ್ ಗಡಿ ದಾಟಿ ಲುಬ್ಲಿಯಾನಾದ ಒಲಿಂಪಿಯಾ ಜೊತೆ ಸೇರಿ ಒಂದೇ ಕ್ಲಬ್ ಆಗೋಯ್ತು, ಲೀಗ್ ಇರ್ಲಿ, ಕ್ಲಬ್ಬೇ ಮರ್ಜು!

ಫುಟ್ಬಾಲ್‌ಗೂ ಇದೇ ಮಾಡಿ ಅಂತ ಬಾಲ್ಕನ್ ಕಡೆ ಆಗಾಗ ಯಾರಾದ್ರೂ ಎದ್ದು ಹೇಳ್ತಾನೇ ಇರ್ತಾರೆ. ಹೇಳೋದು ಸುಲಭ. ಬ್ಯಾಸ್ಕೆಟ್‌ಬಾಲ್ ಹಾಲ್‌ನಲ್ಲಿ ಕೂರೋದು ಕೆಲವು ಸಾವಿರ ಜನ, ಫುಟ್ಬಾಲ್ ಸ್ಟೇಡಿಯಂ ಹಾಗಲ್ಲ. 1990ರ ಮೇ 13ರಂದು ಝಾಗ್ರೆಬ್‌ನ ಮಾಕ್ಸಿಮಿರ್‌ನಲ್ಲಿ ಕ್ರೊಯೇಷಿಯಾದ ಡಿನಾಮೊ, ಸೆರ್ಬಿಯಾದ ರೆಡ್ ಸ್ಟಾರ್ ಮ್ಯಾಚ್ ಶುರುವಾಗೋ ಮುಂಚೇನೇ ಗಲಭೆ ಎದ್ದು ಆಟವೇ ನಡೀಲಿಲ್ಲ, ಡಿನಾಮೊ ಆಟಗಾರ ಬೊಬಾನ್ ಪೊಲೀಸಿಗೆ ಹಾರಿ ಒದ್ದಿದ್ದು ಆವತ್ತೇ. ಅದಾಗಿ 23 ವರ್ಷ ಆದ್ಮೇಲೂ, 2013ರಲ್ಲಿ ವರ್ಲ್ಡ್ ಕಪ್ ಕ್ವಾಲಿಫೈಯರ್‌ನಲ್ಲಿ ಕ್ರೊಯೇಷಿಯಾ, ಸೆರ್ಬಿಯಾ ಆಡಿದಾಗ ಎರಡೂ ಮ್ಯಾಚಿಗೂ ಎದುರಾಳಿ ಫ್ಯಾನ್ಸ್‌ನ ಬಿಟ್ಟುಕೊಳ್ಳಲಿಲ್ಲ. ವರ್ಷಕ್ಕೆ ಎರಡು ಮ್ಯಾಚಿಗೇ ಹೀಗಾದ್ರೆ ವಾರವಾರ ಬಂದೋಬಸ್ತ್ ಮಾಡೋರು ಯಾರು, ಆ ಖರ್ಚು ಟಿವಿ ದುಡ್ಡಲ್ಲಿ ಹುಟ್ಟುತ್ತಾ? ಬೆಕ್ಕಿಗೆ ಗಂಟೆ ಕಟ್ಟೋಣ ಅನ್ನೋರೇ ಎಲ್ಲ.

ಮಾದರಿ ಮಾತ್ರ ಒಳ್ಳೇದು, ಅದನ್ನ ಜಗಳ ಇಲ್ಲದ ಕಡೆ ಬಳಸ್ಬಹುದು. ಲಾಟ್ವಿಯಾ ಎಸ್ಟೋನಿಯಾ ಬ್ಯಾಸ್ಕೆಟ್‌ಬಾಲ್‌ನವರು 2018ರಿಂದ ಜಂಟಿ ಲೀಗ್ ನಡೆಸ್ತಾ ಇದಾರೆ, ಸದ್ದಿಲ್ದೆ.

ದಾರಿ ನಾಲ್ಕು: ಪೂರ್ತಿ ಮರ್ಜರ್, ಅಂದ್ರೆ ಬೆನೆಲೀಗಾ (ಬೆಲ್ಜಿಯಂ ನೆದರ್ಲೆಂಡ್ಸ್ ಜಂಟಿ ಲೀಗ್)

ಎಲ್ಲರಿಗೂ ಬಾಯಲ್ಲಿ ನೀರೂರೋದು ಇದಕ್ಕೇ. 2000ದ ಆಸುಪಾಸಲ್ಲಿ ಅಟ್ಲಾಂಟಿಕ್ ಲೀಗ್ ಅಂತ ಒಂದು ಕನಸು ಓಡಾಡ್ತಿತ್ತು, ಅಯಾಕ್ಸ್, ಪಿಎಸ್‌ವಿ, ಸೆಲ್ಟಿಕ್, ರೇಂಜರ್ಸ್, ಪೋರ್ಟೊ, ಬೆನ್‌ಫಿಕಾ, ಆಂಡರ್ಲೆಕ್ಟ್ ಎಲ್ಲ ಸೇರಿ, ಯುರೋಪ್ ಫುಟ್ಬಾಲ್ ನಡೆಸೋ ಸಂಸ್ಥೆ ಯೂಫಾ ಒಪ್ಪದೆ ಅಲ್ಲೇ ಮಲಗ್ತು. ಗಡಿ ದಾಟಿ ಲೀಗ್ ಮಾಡೋಕೆ ಯೂಫಾ ಪರ್ಮಿಷನ್ ಬೇಕು ಅನ್ನೋದೇ ಇಷ್ಟು ವರ್ಷ ಎಲ್ಲರ ಕೈಕಟ್ಟಿದ್ದು. 2023ರ ಡಿಸೆಂಬರ್ 21ಕ್ಕೆ ದೊಡ್ಡ ಕ್ಲಬ್‌ಗಳು ಬೇರೆಯಾಗಿ ಮಾಡ್ಬೇಕು ಅಂತಿದ್ದ ಸೂಪರ್ ಲೀಗ್ ಕೇಸಲ್ಲಿ ಯುರೋಪ್ ಕೋರ್ಟು ಫಿಫಾ, ಯೂಫಾದ ಆ ಪರ್ಮಿಷನ್ ನಿಯಮಗಳು ಪಾರದರ್ಶಕವಾಗಿರ್ಲಿಲ್ಲ, ಕಾನೂನಿಗೆ ವಿರುದ್ಧ ಅಂತು. ಅದರಿಂದ ಸಣ್ಣೋರ ಮರ್ಜರಿಗೆ ಗೇಟ್ ತಾನಾಗೇ ತೆಗೀತು ಅಂತೇನಲ್ಲ, ಆದ್ರೆ ಮುಂಚಿನಂಗೆ ಕಾರಣ ಹೇಳ್ದೆ ಇಲ್ಲ ಅನ್ನೋದು ಕಷ್ಟ ಆಗಿದೆ.

ಬೆನೆಲೀಗಾ ಪ್ಲ್ಯಾನ್ ಏನಂದ್ರೆ ನೆದರ್ಲೆಂಡ್ಸ್‌ನ 10, ಬೆಲ್ಜಿಯಂನ 8, ಒಟ್ಟು 18 ಕ್ಲಬ್. ಡೆಲಾಯ್ಟ್ ಕಂಪನಿ ಲೆಕ್ಕ ಹಾಕಿ ವರ್ಷಕ್ಕೆ 25ರಿಂದ 40 ಕೋಟಿ ಯೂರೋ ಟಿವಿ ದುಡ್ಡು ಬರಬಹುದು ಅಂತ ಹೇಳ್ತು, 2021ರ ಮಾರ್ಚಲ್ಲಿ ಬೆಲ್ಜಿಯಂ ಕ್ಲಬ್‌ಗಳೆಲ್ಲ ತಾತ್ವಿಕವಾಗಿ ಹೂಂ ಅಂದ್ವು, ಡಚ್ಚರ ಕಡೆ ಉತ್ಸಾಹ ಅಷ್ಟಿರ್ಲಿಲ್ಲ, ಪ್ಲ್ಯಾನ್ ತಣ್ಣಗಾಯ್ತು. ದೂರದ ಸಮಸ್ಯೆ ಏನಿಲ್ಲ, ಬ್ರೂಜ್‌ನಿಂದ ಕ್ರೋನಿಂಗನ್‌ಗೆ ನಮ್ಮ ಬೆಂಗಳೂರು ಕಲಬುರಗಿಗಿಂತ ಹತ್ರ.

ನನ್ನ ಮನಸ್ಸು ಬದಲಾಗಿದ್ದು ಇದೇ ಕೇಸಲ್ಲಿ. ಬೆಲ್ಜಿಯಂನವರು ಕೈ ಎತ್ತಿ ಹೂಂ ಅಂದ ಅದೇ 2021ರ ಸೀಸನ್‌ನಲ್ಲಿ ಬ್ರಸೆಲ್ಸ್‌ನ ಯೂನಿಯನ್ ಸೇಂಟ್ ಗಿಲ್ವಾಜ್ ಅನ್ನೋ ಹಳೇ ಕ್ಲಬ್ 48 ವರ್ಷ ಕೆಳಗಿನ ಡಿವಿಷನ್‌ಗಳಲ್ಲಿ ಒದ್ದಾಡಿ ಮೇಲಕ್ಕೆ ಪ್ರಮೋಷನ್ ತಗೊಳ್ತು. ಬಂದ ಮೊದಲ ವರ್ಷವೇ ಎರಡನೇ ಸ್ಥಾನ. 2025ರಲ್ಲಿ ಚಾಂಪಿಯನ್, 1935ರ ಆದ್ಮೇಲೆ ಮೊದಲ ಸಲ! ಈಗ ಯೋಚನೆ ಮಾಡಿ, ಆವತ್ತೇ ಬೆನೆಲೀಗಾ ಆಗಿದ್ರೆ ಆ 8 ಸೀಟಲ್ಲಿ ಯೂನಿಯನ್‌ಗೆ ಸೀಟು ಇರ್ತಿತ್ತಾ? ಹಳೇ ರೆಕಾರ್ಡು, ಸ್ಟೇಡಿಯಂ ಸೈಜು, ಫ್ಯಾನ್ ಸಂಖ್ಯೆ ನೋಡಿ ಹಂಚೋವಾಗ ಆಗಷ್ಟೇ ಮೇಲೆ ಬಂದ ಕ್ಲಬ್ಬನ್ನ ಯಾರು ಕೇಳ್ತಾರೆ. ಡಚ್ ಕಡೆ ನೋಡಿ, 2025ರಲ್ಲಿ ಅವರ ಕಪ್ ಗೆದ್ದಿದ್ದು ಡೆವೆಂಟರ್ ಅನ್ನೋ ಊರಿನ ಗೋ ಅಹೆಡ್ ಈಗಲ್ಸ್, 18ರಲ್ಲಿ 8 ಕ್ಲಬ್ಬನ್ನ ಹೊರಗೆ ಹಾಕ್ತೀವಿ ಅಂದ್ರೆ ಮೊದಲ ಕತ್ತರಿ ಇಂಥೋರ ಮೇಲೇನೇ. ಮರ್ಜರ್ ಅನ್ನೋದು ಇವತ್ತಿನ ದೊಡ್ಡೋರ ಪಟ್ಟಿಗೆ ಫ್ರೇಮ್ ಹಾಕಿ ಗೋಡೆಗೆ ಹೊಡೆದ ಹಾಗೆ. ನಾಳೆ ದೊಡ್ಡೋರಾಗೋರು ಆ ಫೋಟೋದಲ್ಲಿ ಇರಲ್ಲ. ಪ್ರಮೋಷನ್ ಇಡ್ತೀವಿ ಅಂತಾರೆ, ಇಟ್ರೂ ಕೆಳಗೆ ಎರಡು ದೇಶದ ಎರಡು ಸಾಲು, ವರ್ಷಕ್ಕೆ ಒಂದೋ ಎರಡೋ ಸೀಟು, ಆ ಕೆಳಗಿನ ಲೀಗ್‌ಗೆ ಟಿವಿಯೋನು ಎಷ್ಟು ಕೊಡ್ತಾನೆ ಅನ್ನೋದನ್ನ ಆ ಪ್ಲ್ಯಾನ್ ಮಾರೋರು ಹೇಳಲ್ಲ.

ಟಿಕೆಟ್ ಪ್ರಶ್ನೇನೂ ಹಾಗೇ. ಈಗ ಎರಡೂ ದೇಶಕ್ಕೂ ಬೇರೆಬೇರೆ ಚಾಂಪಿಯನ್, ಬೇರೆಬೇರೆ ಸೀಟು. ಒಂದೇ ಲೀಗ್ ಆದ್ರೆ ಒಂದೇ ಚಾಂಪಿಯನ್. ಎರಡು ದೇಶದ ಸೀಟೂ ಕೊಡಿ ಅಂದ್ರೆ ಉಳಿದ 50 ಚಿಲ್ಲರೆ ದೇಶ ಸುಮ್ನಿರ್ತವಾ?

ಅಂದಹಾಗೆ ಇದನ್ನ ಒಂದು ಸಲ ನಿಜವಾಗ್ಲೂ ಮಾಡಿ ನೋಡಿದಾರೆ, ಹೆಂಗಸರ ಫುಟ್ಬಾಲಲ್ಲಿ. 2012ರಿಂದ 2015ರವರೆಗೂ ಬೆನೆ ಲೀಗ್ ಇತ್ತು, ಮೊದಲ ವರ್ಷ 8 ಡಚ್ 8 ಬೆಲ್ಜಿಯನ್ ಟೀಮು, ಎರಡು ಸಲ ಟ್ವೆಂಟೆ, ಒಂದು ಸಲ ಸ್ಟಾಂಡರ್ಡ್ ಲೀಜ್ ಗೆದ್ವು. ಟಿಕೆಟ್ ಪ್ರಶ್ನೆಗೆ ಅವರು ನೀಟಾಗಿ ಉತ್ತರ ಕಂಡ್ಕೊಂಡಿದ್ರು, ಟೇಬಲ್‌ನಲ್ಲಿ ಮೇಲಿರೋ ಡಚ್ ಕ್ಲಬ್ಬೇ ಡಚ್ ಚಾಂಪಿಯನ್, ಮೇಲಿರೋ ಬೆಲ್ಜಿಯನ್ ಕ್ಲಬ್ಬೇ ಬೆಲ್ಜಿಯನ್ ಚಾಂಪಿಯನ್, ಇಬ್ಬರೂ ಯುರೋಪ್‌ಗೆ. ಅಷ್ಟಾದ್ರೂ ಮೂರು ಸೀಸನ್‌ಗೆ ಕೈಬಿಟ್ಟು ಇಬ್ಬರೂ ತಂತಮ್ಮ ಲೀಗ್‌ಗೆ ವಾಪಸ್ ಹೋದ್ರು.

ದಾರಿ ಐದು: ಎಲ್ಲಿಗೂ ಹೋಗ್ದೆ ಮನೇಲೇ ರಿಪೇರಿ

ಇದನ್ನ ಯಾರೂ ಆಪ್ಷನ್ ಅಂತಾನೇ ಲೆಕ್ಕಕ್ಕೆ ಇಟ್ಕೊಳ್ಳಲ್ಲ, ಬೋರಿಂಗ್ ಅಂತ. ಬೂಡಾ/ಗ್ಲಿಮ್ಟ್ ಕ್ಲಬ್ ನೋಡಿ, ಆರ್ಕ್ಟಿಕ್ ವೃತ್ತದಿಂದ ಮೇಲಿರೋ ಊರು, 50 ಸಾವಿರ ಚಿಲ್ಲರೆ ಜನ, 2017ರಲ್ಲಿ ನಾರ್ವೆ ಎರಡನೇ ಡಿವಿಷನ್‌ನಲ್ಲಿತ್ತು, 2020ರಲ್ಲಿ ಚಾಂಪಿಯನ್, 2021ರಲ್ಲಿ ಮೊರಿನ್ಯೊ ಕೋಚ್ ಆಗಿದ್ದ ರೋಮಾ ಟೀಮಿಗೆ 6-1 ಬಡೀತು, 2025ರಲ್ಲಿ ಯುರೋಪಾ ಲೀಗ್ (ಯುರೋಪ್‌ನ ಎರಡನೇ ದರ್ಜೆ ಟೂರ್ನಿ) ಸೆಮಿಫೈನಲ್, ನಾರ್ವೆ ಕ್ಲಬ್ ಯಾವುದೂ ಅಲ್ಲೀವರೆಗೂ ಹೋಗಿರ್ಲಿಲ್ಲ. ರಾಯಲ್ ಲೀಗ್ ಥರದ್ದೇನಾದ್ರೂ ಗಟ್ಟಿಯಾಗಿ ನಿಂತು ಬಾಗಿಲು ಹಾಕಿದ್ರೆ ಈ ಕ್ಲಬ್ಬಿನ ಹೆಸರೇ ನಾವು ಕೇಳ್ತಿರ್ಲಿಲ್ಲ. ಫಾರೋ ದ್ವೀಪದ ಕ್ಲಾಕ್ಸ್‌ವಿಕ್, ಊರಲ್ಲಿ 5 ಸಾವಿರದಷ್ಟು ಜನ, 2023ರಲ್ಲಿ ಹಂಗೇರಿಗೆ ಹೋಗಿ ಫೆರೆನ್ಸ್‌ವಾರೋಶ್‌ನ 3-0 ಸೋಲಿಸಿ, ಆಮೇಲೆ ಕಾನ್ಫರೆನ್ಸ್ ಲೀಗ್ ಗ್ರೂಪ್‌ಗೂ ಹೋಯ್ತು.

2021ರಲ್ಲಿ ಕಾನ್ಫರೆನ್ಸ್ ಲೀಗ್ ಶುರುವಾದ್ಮೇಲೆ ಸಣ್ಣ ದೇಶದ ಸ್ವಂತ ಟಿಕೆಟ್ಟಿನ ಬೆಲೆ ಜಾಸ್ತಿ ಆಗಿದೆ. 2024-25ರಲ್ಲಿ ಅದರ ಲೀಗ್ ಹಂತಕ್ಕೆ ಕಾಲಿಟ್ರೇ ಕ್ಲಬ್ಬಿಗೆ 31.7 ಲಕ್ಷ ಯೂರೋ, ನಮ್ಮ ಲೆಕ್ಕದಲ್ಲಿ 30 ಕೋಟಿ ರೂಪಾಯಿ ಹತ್ರ. ಚಾಂಪಿಯನ್ಸ್ ಲೀಗ್ ಆದ್ರೆ 1.86 ಕೋಟಿ ಯೂರೋ. ಆದ್ರೆ ಇದಕ್ಕೂ ಒಂದು ಸೈಡ್ ಎಫೆಕ್ಟ್ ಇದೆ, ಒಂದು ಕ್ಲಬ್ಬಿಗೆ ಆ ದುಡ್ಡು ಎರಡು ವರ್ಷ ಬಂತು ಅಂದ್ರೆ ಮನೆ ಲೀಗಲ್ಲಿ ಅವರನ್ನ ಹಿಡಿಯೋರಿಲ್ಲ. ಬಲ್ಗೇರಿಯಾದ ಲುಡೊಗೊರೆಟ್ಸ್ 2011ರಲ್ಲಿ ಮೇಲಕ್ಕೆ ಬಂದು 2012ರಿಂದ 2025ರವರೆಗೂ ಸತತ 14 ಸಲ ಚಾಂಪಿಯನ್. ಬೆಲರೂಸ್‌ನ ಬಾಟೆ 2006ರಿಂದ 2018ರವರೆಗೂ 13 ಸಲ. ಇದಕ್ಕೆ ಮದ್ದು ಮರ್ಜರ್ ಅಲ್ಲ, ಯುರೋಪ್‌ನಿಂದ ಬಂದ ದುಡ್ಡಲ್ಲಿ ಒಂದು ಪಾಲು ಉಳಿದ ಕ್ಲಬ್‌ಗಳಿಗೆ ಹಂಚೋ ನಿಯಮ, ಆದ್ರೆ ಅದನ್ನ ಗೆದ್ದೋನು ಒಪ್ಬೇಕಲ್ಲ.

ಇನ್ನೊಂದು ಕೆಲ್ಸ, ಲೀಗ್ ಬದ್ಲು ಊರಿನ ಕ್ಲಬ್‌ಗಳನ್ನೇ ಸೇರ್ಸೋದು. ಬೆಲ್ಜಿಯಂನ ಗೆಂಕ್ ಅನ್ನೋದು 1988ರಲ್ಲಿ ಎರಡು ಕಲ್ಲಿದ್ದಲು ಗಣಿ ಬಡಾವಣೆಗಳ ಕ್ಲಬ್ ಸೇರಿ ಆಗಿದ್ದು, ಕೋಪನ್‌ಹೇಗನ್ 1992ರಲ್ಲಿ, ಮಿಡ್‌ಯುಲೆನ್ 1999ರಲ್ಲಿ ಹೀಗೇ ಹುಟ್ಟಿದ್ದು, ಮೂರೂ ಆಮೇಲೆ ಚಾಂಪಿಯನ್ ಆದ್ವು. ಆವತ್ತು ಹಳೇ ಫ್ಯಾನ್ಸ್ ಅತ್ತಿರ್ತಾರೆ, ನಿಜ. ಆದ್ರೆ ದೇಶದ ಲೀಗೇ ಹೋಗೋದಕ್ಕಿಂತ ಇದು ವಾಸಿ ಅನ್ಸುತ್ತೆ ನಂಗೆ.

ಹಾಗಾದ್ರೆ ಯಾರಿಗೆ ಯಾವುದು

ಲಿಕ್ಟನ್‌ಸ್ಟೈನ್, ಆಂಡೊರಾ ಥರ ಪುಟಾಣಿ ದೇಶಗಳಿಗೆ ಮೊದಲನೇ ದಾರೀನೇ ಸರಿ, ಆದ್ರೆ ಮನೆ ಕಪ್ಪೋ ಲೀಗೋ ಒಂದನ್ನ ಬಿಟ್ಕೊಡಬೇಡಿ, ಟಿಕೆಟ್ ಅದಕ್ಕೇ ಅಂಟಿರೋದು. ನೆದರ್ಲೆಂಡ್ಸ್ ಬೆಲ್ಜಿಯಂ ಎರಡಕ್ಕೂ ಮರ್ಜರ್ ದುಡ್ಡಿನ ಲೆಕ್ಕದಲ್ಲಿ ಲಾಭ ಆಗ್ಬಹುದು, ನಾನು ಬೇಡ ಅಂತೀನಿ, ಕಾರಣ ಯೂನಿಯನ್ ಕಥೇಲೇ ಹೇಳಿದೀನಿ. ಸ್ಕ್ಯಾಂಡಿನೇವಿಯಾಗೆ ಈಗ ಇದರ ಅಗತ್ಯವೇ ಇಲ್ಲ. ಬಾಲ್ಕನ್‌ಗೆ ಎಬಿಎ ಮಾದರಿ ಬಿಟ್ರೆ ಗತಿ ಇಲ್ಲ, ಅದೂ ಮೊದ್ಲು ಸ್ಲೊವೇನಿಯಾ, ಕ್ರೊಯೇಷಿಯಾ ಅಷ್ಟೇ ಇಟ್ಕೊಂಡು ಶುರು ಮಾಡ್ಲಿ. ಬಾಲ್ಟಿಕ್‌ನ ಮೂರೂ ದೇಶ ಸೇರಿದ್ರೆ 60 ಲಕ್ಷದಷ್ಟು ಜನ, ಅಲ್ಲಿ ಅರ್ಧ ಮರ್ಜರ್ ಕೆಲ್ಸ ಮಾಡೋ ಚಾನ್ಸ್ ಇದೆ, ಹೆಂಗಸರ ಬೆನೆ ಲೀಗ್ ಥರ ಒಂದೇ ಟೇಬಲ್‌ನಲ್ಲಿ ಮೂರು ಚಾಂಪಿಯನ್ ಅನ್ನೋ ಲೆಕ್ಕ ಯೂಫಾ ಒಪ್ಪಿದ್ರೆ ಮಾತ್ರ.

ಪೂರ್ತಿ ಮರ್ಜರ್‌ಗೆ ನಾನು ಹೂಂ ಅನ್ನೋದು ಐರ್ಲೆಂಡ್ ಒಂದಕ್ಕೆ. ಗಣರಾಜ್ಯದಲ್ಲಿ 2022ರ ಜನಗಣತಿ ಪ್ರಕಾರ 51 ಲಕ್ಷ, ಉತ್ತರದಲ್ಲಿ 19 ಲಕ್ಷ, ಎರಡೂ ಸೇರಿ 70 ಲಕ್ಷ, ಅಂದ್ರೆ ಬೆಂಗಳೂರಿಗಿಂತ ಕಮ್ಮಿ, ಹೊರಗೆ ಬಿಸಾಕೋ ಅಷ್ಟು ಕ್ಲಬ್ಬೇ ಇಲ್ಲ, ಎರಡು ಡಿವಿಷನ್ ಮಾಡಿದ್ರೆ ಎಲ್ಲರೂ ಹಿಡಿಸ್ತಾರೆ, ಹಾಗಾಗಿ ಬಾಗಿಲು ಮುಚ್ಚೋ ಸಮಸ್ಯೆ ಬರಲ್ಲ. ರಗ್ಬಿ ಅವರದ್ದು ಮೊದಲಿಂದ್ಲೂ ಒಂದೇ. ಕೆರಿ ಕಡೆಯ ಬಿಸಿನೆಸ್‌ಮನ್ ಕೀರನ್ ಲೂಸಿಡ್ 2019ರಲ್ಲಿ ಹೀಗೊಂದು ಪ್ಲ್ಯಾನ್ ತಂದ್ರು, ಟಿಕೆಟ್ ಎರಡೂ ಕಡೆಗೂ ಉಳಿಯೋ ಹಾಗೆ, ಉತ್ತರ ಐರ್ಲೆಂಡ್ ಅಸೋಸಿಯೇಷನ್ ಬೇಡ ಅಂತು. ಅವರ ಭಯ ನಂಗೆ ಅರ್ಥ ಆಗುತ್ತೆ, ಇವತ್ತು ಲೀಗ್ ಒಂದಾದ್ರೆ ನಾಳೆ ಟೀಮ್ ಒಂದು ಮಾಡಿ ಅಂತಾರೆ, ನಾಡಿದ್ದು ದೇಶಾನೇ ಒಂದು ಮಾಡಿ ಅಂತಾರೆ ಅನ್ನೋ ಭಯ ಅದು.

ಆದ್ರೆ ರಾಜಕೀಯಕ್ಕಿಂತ ಮೊದ್ಲು ಬಗೆಹರೀಬೇಕಾಗಿರೋದು ಕ್ಯಾಲೆಂಡರ್. ದಕ್ಷಿಣದವರು ಬೇಸಿಗೇಲಿ ಆಡ್ತಾರೆ, ಉತ್ತರದವರು ಆಗಸ್ಟಿಂದ ಚಳಿಗಾಲ ದಾಟಿ ಆಡ್ತಾರೆ. ಯಾರಾದ್ರೂ ಒಬ್ಬರು ಬದಲಾಗ್ಬೇಕು, ಅದೇ ಆಗಿಲ್ಲ, ಉಳಿದಿದ್ದೆಲ್ಲ ಕೂಸು ಹುಟ್ಟೋ ಮುಂಚೆ ಕುಲಾವಿ. ಒಂದು ಕ್ಲಬ್ ಮಾತ್ರ ಯಾರಿಗೂ ಕಾಯ್ದೆ ಗಡಿ ದಾಟಿಬಿಟ್ಟಿದೆ. ಡೆರಿ ಸಿಟಿ ಇರೋದು ಉತ್ತರ ಐರ್ಲೆಂಡಲ್ಲಿ, ಗಲಭೆ ಟೈಮಲ್ಲಿ ಅವರ ಬ್ರಾಂಡಿವೆಲ್ ಮೈದಾನಕ್ಕೆ ಬಂದು ಆಡಲ್ಲ ಅಂತ ಬೇರೆ ಕ್ಲಬ್‌ಗಳು ಹಟ ಹಿಡಿದಾಗ 1972ರಲ್ಲಿ ಲೀಗ್ ಬಿಟ್ರು, 13 ವರ್ಷ ದೊಡ್ಡ ಫುಟ್ಬಾಲೇ ಇಲ್ದೆ ಕಳೆದು 1985ರಲ್ಲಿ ದಕ್ಷಿಣದ ಲೀಗ್ ಸೇರಿದ್ರು, ಆವತ್ತಿಂದ ಲೀಗಿನ ಪ್ರತಿ ಅವೇ ಮ್ಯಾಚಿಗೂ ಅವರ ಬಸ್ಸು ಗಡಿ ದಾಟಿಕೊಂಡೇ ಹೋಗ್ತಿದೆ.